ಕ್ಯಾಥರಿನ್ ಮೇಡಂ ಕೇಳಿದ ಕೊಂಡಿ

2008ನೇ ಇಸವಿ ಮಾರ್ಚ್ 24, ಸೋಮವಾರ. ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಮೂಡಿಗೆರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ರೇವತಿಗೆ ಯಾರೂ ದಾರಿ ತೋರಿಸಬೇಕಾಗಿರಲಿಲ್ಲ. ನಾಲ್ಕೂವರೆ ತಿಂಗಳಿಂದ ವಾರಕ್ಕೊಮ್ಮೆ ಆಕೆ ಇಲ್ಲಿಗೆ ಬರುತ್ತಿದ್ದಳು.

ಹೆಡ್ ಕಾನ್‌ಸ್ಟೇಬಲ್ ಹೂವಪ್ಪ ಎದ್ದು ನಿಂತ. "ರೇವತಿಯವ್ರೇ, ಸುದ್ದಿ ಎಂತಾದ್ರೂ ಬಂದ್ರೆ ನಾವೇ ಫೋನ್ ಮಾಡ್ತೀವಿ ಅಂದಿದ್ನಲ್ಲ."

"ಸುದ್ದಿ ಬಂದಿತ್ತು ಹೂವಪ್ಪಣ್ಣ. ನನಗೆ ಬರೋ ಮುಂಚೆ ಯಾರೋ ತಿಂದು ಹಾಕಿದ್ದಾರೆ."

ರೇವತಿ ಬಣಕಲ್‌ನವಳು. ಬಸ್ಸು ನಿಲ್ಲುವ ಕಡೆಯೇ ಒಂದು ಡಿಟಿಪಿ ಸೆಂಟರ್ ಇಟ್ಟುಕೊಂಡು ಮದುವೆ ಕಾಗದ, ಎಸ್ಟೇಟುಗಳ ನೋಟಿಸು, ಹುಡುಗರ ಅರ್ಜಿ ಟೈಪ್ ಮಾಡಿಕೊಡುವವಳು. ತಾಯಿ ತಿಮ್ಮಮ್ಮನಿಗೆ ಎಪ್ಪತ್ತು ದಾಟಿ ನೆನಪು ಮಾಸುತ್ತ ಬಂದಿತ್ತು. ಹಿಂದಿನ ದೀಪಾವಳಿಯ ವಾರ ಮೂಡಿಗೆರೆ ಆಸ್ಪತ್ರೆಗೆ ತೋರಿಸಲು ಕರೆತಂದು, ಮೆಡಿಕಲ್ ಶಾಪಿನ ಮುಂದಿನ ಬೆಂಚಿನ ಮೇಲೆ ಕೂರಿಸಿ, ಮಾತ್ರೆ ತೆಗೆದುಕೊಂಡು ತಿರುಗಿದರೆ ಬೆಂಚಿತ್ತು, ತಾಯಿ ಇರಲಿಲ್ಲ. ಕಾಣೆಯಾದವರ ಪ್ರಕರಣ ಅಂದೇ ದಾಖಲಾಗಿತ್ತು. ವೈರ್‌ಲೆಸ್ ಹೋಗಿತ್ತು, ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಆಮೇಲೆ ಜಿಲ್ಲೆಯಲ್ಲಾಗಲಿ ಅಕ್ಕಪಕ್ಕದಲ್ಲಾಗಲಿ ಎಲ್ಲಿ ಮುದುಕಿಯ ಅನಾಥ ಹೆಣ ಸಿಕ್ಕಿದರೂ ರೇವತಿಗೆ ಕರೆ ಹೋಗುತ್ತಿತ್ತು. ಹಾಸನಕ್ಕೆ ಹೋಗಿ ಬಂದಳು. ಕಡೂರಿಗೂ ಹೋಗಿ ಬಂದಳು. ಪ್ರತಿಸಲ ಮುಖದ ಬಟ್ಟೆ ಎತ್ತಿ ನೋಡಿ, ಅಲ್ಲ ಎಂದು ಹೇಳಿ, ಹೊರಗೆ ಬಂದು ವಾಂತಿ ಮಾಡಿಕೊಂಡು ಬಸ್ಸು ಹತ್ತುತ್ತಿದ್ದಳು.

ಸರ್ಕಲ್ ಇನ್‌ಸ್ಪೆಕ್ಟರ್ ಬಸವರಾಜಪ್ಪ ದಾವಣಗೆರೆ ಕಡೆಯವರು. ಪ್ರವಾಸಿಗಳು ಸ್ವರ್ಗ ಎನ್ನುವ ಈ ಊರು ಅವರಿಗೆ ಬರೀ ವರ್ಗ. ಬಂದು ಎಂಟು ತಿಂಗಳಾಗಿತ್ತು, ಮೂರನೇ ಛತ್ರಿ ನಡೆಯುತ್ತಿತ್ತು. ಎದುರಿನ ಕುರ್ಚಿ ತೋರಿಸಿದರು.

"ಹೇಳ್ರಮ್ಮ. ಏನಾತು?"

ರೇವತಿ ಹೇಳಿದಳು. ತಾಯಿ ಕಾಣೆಯಾದ ಮೇಲೆ ಆಕೆ ತಾನೇ ಒಂದು ವೆಬ್‌ಸೈಟ್ ಮಾಡಿದ್ದಳು. ತಾಯಿಯ ಫೋಟೋ, ಉಟ್ಟಿದ್ದ ಸೀರೆ, ಕೆನ್ನೆಯ ಮೇಲಿನ ಮಚ್ಚೆ, ಕೆಳಗೆ ತನ್ನ ಫೋನ್ ನಂಬರು. ಮೊದಲ ತಿಂಗಳು ಫೋನುಗಳು ಬಂದವು. ಡಿಸೆಂಬರಿನಿಂದ ಒಂದೂ ಇಲ್ಲ. ಜನ ಮರೆತರು ಅಂದುಕೊಂಡಿದ್ದಳು. ಮೊನ್ನೆ ಶನಿವಾರ ಕಾಲೇಜಿನ ಉಪನ್ಯಾಸಕಿ ದಿವ್ಯಾ ಎಂಬವರು ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಅಂಗಡಿಗೆ ಬಂದವರು, ಗೋಡೆಯ ಮೇಲಿನ ಫೋಟೋ ನೋಡಿ, "ನಿಮ್ಮ ತಾಯಿನಾ? ನಾನು ಇವರನ್ನ ಚಿಕ್ಕಮಗಳೂರು ಬಸ್ಸಲ್ಲಿ ನೋಡಿದ್ದೆ, ನಿಮ್ಮ ವೆಬ್‌ಸೈಟಿಗೆ ಬರೆದೂ ಇದ್ದೆ. ವಿಚಾರಿಸಿದೆವು, ಇವರಲ್ಲ ಅಂತ ಉತ್ತರ ಬಂತಲ್ಲ?" ಎಂದರು.

"ನಾನು ಆ ಪತ್ರನೇ ನೋಡಿಲ್ಲ ಸಾರ್. ಉತ್ತರ ನಾನು ಕೊಟ್ಟಿಲ್ಲ."

"ಮತ್ತ್ಯಾರು ಕೊಟ್ಟರು?"

"ಕ್ಯಾಥರಿನ್."

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. "ಯಾವ ಎಸ್ಟೇಟು?"

"ಲಂಡನ್."

ಹನ್ನೆರಡಕ್ಕೆ ಪ್ರಥಮ ವರ್ತಮಾನ ವರದಿ ದಾಖಲಾಯಿತು. ಹೆಸರು ಬದಲಿಸಿ ಮೋಸ ಮಾಡಿದ ಕಲಂ 419, ಆರೋಪಿ: ಅಪರಿಚಿತ, ಕ್ಯಾಥರಿನ್ ಮೂರ್ ಎಂದು ಹೇಳಿಕೊಂಡ ವ್ಯಕ್ತಿ. ಅದೇ ಮಧ್ಯಾಹ್ನ ದಿವ್ಯಾ ಅವರ ಹೇಳಿಕೆ ಪಡೆಯಲಾಯಿತು. ದೀಪಾವಳಿ ವಾರದಲ್ಲಿ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೋಗುವ ಬಸ್ಸಿನಲ್ಲಿ ಮುದುಕಿ ತಮ್ಮ ಮುಂದಿನ ಸೀಟಿನಲ್ಲಿದ್ದರು, ಚಿಕ್ಕಮಗಳೂರಿನಲ್ಲಿ ಇಳಿದರು, ಇಳಿದ ಮೇಲೆ ಎತ್ತ ಹೋದರೋ ತಿಳಿಯದು. ಅಷ್ಟೇ. ಆದರೆ ನಾಲ್ಕೂವರೆ ತಿಂಗಳಲ್ಲಿ ಅಷ್ಟು ಹೇಳಿದವರು ಇವರೊಬ್ಬರೇ.

*

ಮರುದಿನ, ಮಾರ್ಚ್ 25ರಂದು ಬಣಕಲ್‌ನ ಡಿಟಿಪಿ ಸೆಂಟರಿನಲ್ಲಿ ಪಂಚನಾಮೆ. ಪಂಚರಾಗಿ ಪಕ್ಕದ ಬೇಕರಿಯವರು ಮತ್ತು ಟೈಲರ್. ಕಂಪ್ಯೂಟರಿನ ಮೇಲಿನ ಹೂವಿನ ಬಟ್ಟೆ ಸರಿಸಿ ರೇವತಿ ಪತ್ರಗಳನ್ನು ತೆರೆದಳು.

"ಕೊಂಡಿ ಕೊಡಿ ಅಂತ ದಿನಾ ಬರ್ತಾವೆ ಸಾರ್ ಇಂಥವು. ವೆಬ್‌ಸೈಟ್ ಇಟ್ಟೋರಿಗೆಲ್ಲ ಬರ್ತಾವೆ. ಇದು ನೋಡಿ, ತೂಕ ಇಳಿಸೋ ಮಾತ್ರೆಯೋರು. ಇದು ಜೂಜಿನೋರು. ನಮ್ಮ ಪುಟದಲ್ಲಿ ಅವರ ಕೊಂಡಿ ಹಾಕಿದ್ರೆ, ಇಂಟರ್ನೆಟ್ಟಲ್ಲಿ ಹುಡುಕೋರಿಗೆ ಅವರ ಪುಟ ಮೇಲೆ ಬರ್ತದೆ, ಅದಕ್ಕೆ."

"ಕೊಂಡಿ ಅಂದ್ರೆ?"

"ಒತ್ತಿದ್ರೆ ನಮ್ಮ ಪುಟದಿಂದ ಅವರ ಪುಟಕ್ಕೆ ಹೋಗೋದು."

"ಚೇಳಿಗೂ ಇರ್ತದೆ ಸಾರ್ ಕೊಂಡಿ," ಎಂದ ಹೂವಪ್ಪ. "ಇದು ಮಿಂಚಂಚೆ ಅಲ್ಲ, ವಂಚಂಚೆ."

ಇನ್‌ಸ್ಪೆಕ್ಟರ್ ಅವನ ಕಡೆ ನೋಡಿದರು. ಎಸ್ಪಿ ಸಾಹೇಬರಿಂದ ಹಿಡಿದು ಹೊರನಾಡು ಬಸ್ಸಿನ ಕಂಡಕ್ಟರ್ ತನಕ ಯಾರ ಗಂಟಲು ಬೇಕಾದರೂ ತನ್ನ ಗಂಟಲಲ್ಲಿ ತರಬಲ್ಲವನು ಹೂವಪ್ಪ. ಸುಮ್ಮನಿರುವುದೊಂದು ಅವನಿಗೆ ಬರುತ್ತಿರಲಿಲ್ಲ.

"ಮೋಸ ಅಂತ ಗೊತ್ತಿದ್ದೋರು ಇದಕ್ಕೆ ಹೆಂಗೆ ಬಿದ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

ರೇವತಿ ಆ ಪತ್ರವನ್ನು ತೆರೆದಳು. ಇಂಗ್ಲಿಷಿನಲ್ಲಿತ್ತು. ತಾನು ಲಂಡನ್ನಿನಲ್ಲಿರುವ, ಕಾಣೆಯಾದವರನ್ನು ಹುಡುಕುವ ಜಾಗತಿಕ ಸಂಸ್ಥೆಯೊಂದರವಳು. ನಿಮ್ಮ ಪುಟ ನೋಡಿದೆ, ಬಹಳ ಚೆನ್ನಾಗಿದೆ. ಆದರೆ ಅದರಲ್ಲೊಂದು ಕೊಂಡಿ ಕೆಟ್ಟಿದೆ. ಅದನ್ನು ತೆಗೆದು, ಜೊತೆಗಿಟ್ಟಿರುವ ನಮ್ಮ ಗುಂಡಿಯನ್ನು ಪುಟದ ತಲೆಯಲ್ಲೇ ಹಾಕಿ, ನಿಮ್ಮ ತಾಯಿಯನ್ನು ಕಂಡವರು ಅದನ್ನು ಒತ್ತಿ ನಮಗೆ ಬರೆಯಲಿ. ಜಗತ್ತಿನ ಮೂಲೆಮೂಲೆಯಿಂದ ಬರುವ ಮಾಹಿತಿಯನ್ನು ನಾವು ಪರಿಶೀಲಿಸಿ ನಿಮಗೆ ಉಚಿತವಾಗಿ ತಲುಪಿಸುತ್ತೇವೆ. ನಿಮ್ಮ ಫೋನ್ ನಂಬರನ್ನು ತೆಗೆದುಬಿಡಿ, ದುರುಪಯೋಗವಾದೀತು.

"ಈಗ ಓದಿದ್ರೆ ಎಲ್ಲ ಕಾಣ್ತದೆ," ಎಂದಳು ರೇವತಿ. "ಪುಟ ಚೆನ್ನಾಗಿದೆ ಅಂತಾಳೆ, ಅದರಲ್ಲಿ ಏನಿದೆ ಅಂತ ಒಂದಕ್ಷರ ಇಲ್ಲ. ಅಮ್ಮನ ಹೆಸರಿಲ್ಲ. ಅದೇ ಪತ್ರನ ಹೋಟೆಲಿನೋರಿಗೂ ಕಳಿಸಬಹುದು. ಕೊಂಡಿ ಕೆಟ್ಟಿದೆ ಅಂತಾಳೆ, ಯಾವುದೂ ಕೆಟ್ಟಿರ್ಲಿಲ್ಲ. ಜಾಗತಿಕ ಸಂಸ್ಥೆ ಅಂತಾಳೆ, ವಿಳಾಸ ಇಲ್ಲ, ಪತ್ರ ಬಂದಿರೋದು ಯಾರು ಬೇಕಾದ್ರೂ ಪುಕ್ಕಟೆ ಮಾಡ್ಕೊಳ್ಳೋ ಖಾತೆಯಿಂದ. ಗುಂಡಿ ಮೇಲೆ ಬರೆದಿರೋ ಹೆಸರು ಒಂದು, ಒತ್ತಿದ್ರೆ ಹೋಗೋ ಜಾಗ ಇನ್ನೊಂದು. ಅವತ್ತು ನಾನು ಹಾಸನದಿಂದ ಬಂದಿದ್ದೆ. ಶವಾಗಾರದಿಂದ. ಅವತ್ತು ಯಾರು ಏನು ಹಾಕು ಅಂದಿದ್ರೂ ಹಾಕ್ತಿದ್ದೆ."

ಬೇಕರಿಯವರು ಕಣ್ಣೊರೆಸಿಕೊಂಡರು. ಪಂಚನಾಮೆಯಲ್ಲಿ ಅದನ್ನು ಬರೆಯಲಾಗಲಿಲ್ಲ.

ಆಮೇಲೆಯೂ ರೇವತಿ ಕ್ಯಾಥರಿನ್‌ಗೆ ಬರೆಯುತ್ತಿದ್ದಳು, ಕ್ಯಾಥರಿನ್ ಉತ್ತರಿಸುತ್ತಿದ್ದಳು. ಮಾಹಿತಿ ಏನೂ ಬಂದಿಲ್ಲ, ಧೈರ್ಯವಾಗಿರಿ. ಪ್ರತಿಸಲ ಅಷ್ಟೇ. ದುಡ್ಡು ಕೇಳಿರಲಿಲ್ಲ. ಇನ್‌ಸ್ಪೆಕ್ಟರ್‌ಗೆ ಕೊರೆಯುತ್ತಿದ್ದುದು ಅದೇ. ದುಡ್ಡು ಕೇಳದ ಮೋಸಗಾರನನ್ನು ಅವರು ತಮ್ಮ ಸರ್ವಿಸಿನಲ್ಲಿ ಕಂಡಿರಲಿಲ್ಲ.

"ನಿಮ್ಮ ತಾಯಿ ಸಿಗಬಾರದು ಅನ್ನೋರು ಯಾರಾದ್ರೂ ಅದಾರೇನು?"

"ಅಮ್ಮನ ಹತ್ರ ಎಂತ ಉಂಟು ಸಾರ್? ಎರಡು ಬಳೆ, ಅದೂ ಗಾಜಿಂದು."

"ಜಗಳ? ಜಾಗದ ತಕರಾರು?"

"ಇಲ್ಲ."

"ಹಂಗಾದ್ರೆ ಒಂದು ಮಾಡ್ರಿ. ಗುಂಡಿ ತೆಗೀಬ್ಯಾಡ್ರಿ. ಅವಳಿಗೆ ಅನುಮಾನ ಬರಬಾರದು. ಯಾವಾಗ್ಲೂ ಬರೆಯೋ ಹಂಗೇ ಬರೀರಿ."

"ಏನಂತ ಬರೀಲಿ?"

"ನಿಮಗೆ ಅನಿಸಿದ್ದು."

ಪತ್ರ ಯಾವ ಕಂಪ್ಯೂಟರಿನಿಂದ ಬಂತೆಂದು ತಿಳಿಸಿ ಎಂದು ಬೆಂಗಳೂರಿಗೆ ಕಾಗದ ಹೋಯಿತು. ಅಲ್ಲಿಂದ ಉತ್ತರ ಬರುವ ಹೊತ್ತಿಗೆ ತಮಗೆ ಮತ್ತೊಂದು ವರ್ಗವಾಗಿರುತ್ತದೆ ಎಂದು ಬಸವರಾಜಪ್ಪನವರಿಗೆ ಗೊತ್ತಿತ್ತು.

*

ಗುರುವಾರ ರಾತ್ರಿ ಹೂಮಳೆ ಬಂತು. ಕಾಫಿ ಗಿಡಗಳು ಮೊಗ್ಗು ಹಿಡಿದು ಕಾಯುತ್ತಿದ್ದ ಮಳೆ. ಊರಿಗೆಲ್ಲ ಸಂಭ್ರಮ. ರೇವತಿ ಮಾತ್ರ ಗುಡುಗಿನ ಸದ್ದಿಗೆ ಎದ್ದು ಕೂತು, ಬೆಳಗಾಗುತ್ತಲೇ ಅಂಗಡಿ ತೆರೆದು ಕ್ಯಾಥರಿನ್‌ಗೆ ಬರೆದಳು: ರಾತ್ರಿ ಇಲ್ಲಿ ಜೋರು ಮಳೆ, ನನ್ನ ತಾಯಿ ಬಯಲಲ್ಲಿದ್ದರೆ ಏನು ಗತಿ, ಗುಡುಗಿಗೆ ಹೆದರುತ್ತಾರೆ, ದಯವಿಟ್ಟು ಏನಾದರೂ ಮಾಡಿ. ಇನ್‌ಸ್ಪೆಕ್ಟರ್ ಹೇಳಿದ್ದಕ್ಕೆ ಬರೆದದ್ದಲ್ಲ ಅದು. ಬರೆಯಲು ಆಕೆಗೆ ಬೇರೆ ಯಾರೂ ಇರಲಿಲ್ಲ.

ಹತ್ತು ಗಂಟೆಗೆಲ್ಲ ಉತ್ತರ ಬಂತು. ರೇವತಿ ಅದನ್ನು ಪ್ರಿಂಟ್ ತೆಗೆದುಕೊಂಡು ಠಾಣೆಗೆ ಬಂದಳು. ಹೂವಪ್ಪ ಓದಿದ. ಎರಡು ಸಲ ಓದಿ, "ಈ ಸಲವೂ ಬರೀ ಸಮಾಧಾನ ಸಾರ್" ಎಂದು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟ.

ಬಸವರಾಜಪ್ಪ ಓದಿದರು. ಹೆದರಬೇಡಿ ಎಂದಿತ್ತು. ರಾತ್ರಿ ಒಂದು ಇಂಚು ನಲವತ್ತು ಸೆಂಟು ಬಿದ್ದರೂ ನಿಮ್ಮ ತಾಯಿ ಎಲ್ಲೋ ಒಂದು ಮನೆಯಲ್ಲಿ, ಒಲೆಯ ಪಕ್ಕ ಬೆಚ್ಚಗೆ ಕೂತಿರುತ್ತಾರೆ. ಹಾಗೆಂದು ನನ್ನ ಮನಸ್ಸು ಹೇಳುತ್ತಿದೆ, ಎಂದಿತ್ತು.

"ಏನ್ರಿ ಇದು, ಸೆಂಟು? ಲಂಡನ್ನಾಗೆ ಪೌಂಡು, ಪೆನ್ಸು ಅಲ್ಲೇನು?"

"ದುಡ್ಡಲ್ಲ ಸಾರ್, ಮಳೆ," ಎಂದ ಹೂವಪ್ಪ. "ನೂರು ಸೆಂಟಿಗೆ ಒಂದು ಇಂಚು. ಎಸ್ಟೇಟಲ್ಲಿ ಬೆಳಿಗ್ಗೆ ಎಂಟಕ್ಕೆ ಅಳೀತಾರೆ. ಎಲ್ರೂ ಹಂಗೇ ಹೇಳೋದು."

"ಎಲ್ರೂ ಅಂದ್ರೆ?"

"ನಮ್ಮ ಕಡೆ ಎಲ್ರೂ..."

ಹೂವಪ್ಪನ ಬಾಯಿ ತೆರೆದೇ ಇತ್ತು. ರೇವತಿ ಮೇಜಿನ ಅಂಚು ಹಿಡಿದುಕೊಂಡಳು. ಹುಟ್ಟಿದಾಗಿನಿಂದ ಕೇಳಿದ ಮಾತು. ಇಲ್ಲಿ ಯಾರಿಗೆ ಯಾರು ಫೋನ್ ಮಾಡಿದರೂ ಕ್ಷೇಮ ಕೇಳುವ ಮೊದಲು ಕೇಳುವ ಮಾತು: ನಿಮ್ಮಲ್ಲಿ ಮಳೆ ಎಷ್ಟು? ಅದಕ್ಕೇ ಇಬ್ಬರೂ ಅದನ್ನು ಓದಿ ದಾಟಿಬಿಟ್ಟಿದ್ದರು. ಅದರಲ್ಲಿ ವಿಶೇಷವಿದೆ ಎಂದು ಅನಿಸಲು ದಾವಣಗೆರೆಯವರೇ ಬೇಕಾಯಿತು.

"ಲಂಡನ್ನಾಗೆ ಕುಂತಾಕಿಗೆ ರಾತ್ರಿ ಇಲ್ಲಿ ಎಷ್ಟು ಮಳೆ ಆತು ಅಂತ ಹೆಂಗೆ ಗೊತ್ತಾತು?" ಬಸವರಾಜಪ್ಪ ಎದ್ದು ನಿಂತಿದ್ದರು. "ರೇವತಿಯವರೇ, ನೀವು ಬರೆದ್ರಾ ಎಷ್ಟು ಅಂತ?"

"ಇಲ್ಲ. ಬಣಕಲ್‌ನಲ್ಲಿ ಬಿದ್ದದ್ದು ಎಂಬತ್ತೇ ಸೆಂಟು."

"ಮೂಡಿಗೆರೆಯಾಗೆ?"

"ಅರವತ್ತು," ಎಂದ ಹೂವಪ್ಪ, ಯಾರೂ ಕೇಳುವ ಮುಂಚೆಯೇ.

"ಹಂಗಾದ್ರೆ ಒಂದು ನಲವತ್ತು ಎಲ್ಲಿ ಬಿತ್ತು?"

ಹೂಮಳೆ ಮುಂಗಾರಿನಂತಲ್ಲ. ರಸ್ತೆಯ ಈ ಕಡೆ ಚರಂಡಿ ತುಂಬಿದರೆ ಆ ಕಡೆ ಧೂಳು ಏಳುತ್ತಿರುತ್ತದೆ. ಒಂದು ಬೆಟ್ಟಕ್ಕೊಂದು ಲೆಕ್ಕ. ಇನ್‌ಸ್ಪೆಕ್ಟರ್ ಟೆಲಿಫೋನ್ ಡೈರೆಕ್ಟರಿಯನ್ನು ಹೂವಪ್ಪನ ಮುಂದೆ ಸರಿಸಿದರು.

"ಎಲ್ಲ ಎಸ್ಟೇಟಿಗೂ ಮಾಡು. ಪೊಲೀಸ್ ಠಾಣೆ ಅಂತ ಹೇಳಿ ಕೇಳು."

"ಪೊಲೀಸ್ ಅಂದ್ರೆ ಮಳೆನೇ ಬಂದಿಲ್ಲ ಅಂತಾರೆ ಸಾರ್."

"ಮತ್ತೆ?"

ಹೂವಪ್ಪ ಗಂಟಲು ಸರಿಮಾಡಿಕೊಂಡ. ರಿಸೀವರ್ ಎತ್ತಿದಾಗ ಮಾತಾಡಿದ್ದು ಅವನಲ್ಲ. ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡ, ಎಪ್ಪತ್ತು ದಾಟಿದ, ಬಿಡುವಿರುವ ಒಬ್ಬ ಸಾವ್ಕಾರರು. "ಹಲೋ... ನಾನಯ್ಯ, ಬಾಳೂರಿಂದ... ಎಷ್ಟು ಬಿತ್ತು ಮಾರಾಯ ನಿಮ್ಮಲ್ಲಿ?"

ಯಾವ ಬಾಳೂರು, ಯಾವ ನಾನು ಎಂದು ಒಬ್ಬರೂ ಕೇಳಲಿಲ್ಲ. ಮಳೆ ಕೇಳಿದವರಿಗೆ ಉತ್ತರ ಕೊಡದಿರುವುದು ಈ ಬೆಟ್ಟಗಳಲ್ಲಿ ನಡೆಯುವುದಿಲ್ಲ. ಕಳಸದಲ್ಲಿ ನಲವತ್ತು. ಕೊಟ್ಟಿಗೆಹಾರದಲ್ಲಿ ಒಂದು ಹತ್ತು. ಆಲ್ದೂರಿನಲ್ಲಿ ಬರೀ ತುಂತುರು, "ನಮ್ಮ ಹಣೆಬರಹ ನೋಡಿ ಸಾವ್ಕಾರ್ರೇ" ಎಂದು ಆ ಕಡೆಯವರು ಅಳುವುದೊಂದು ಬಾಕಿ. ಸಾವ್ಕಾರರು ಅವರನ್ನು ಸಮಾಧಾನ ಮಾಡಿ ಫೋನಿಟ್ಟರು. ಊಟದ ಹೊತ್ತು ದಾಟಿತು. ರೇವತಿ ಬೆಂಚಿನ ಮೇಲೆ ಕೂತವಳು ಏಳಲಿಲ್ಲ. ಅಣ್ಣಮ್ಮ ಎಂಬ ಮಹಿಳಾ ಪೇದೆ ತಂದಿಟ್ಟ ಚಹಾ ತಣ್ಣಗಾಯಿತು.

ಮೂರು ಗಂಟೆಗೆ ಚಿಕ್ಕಮಗಳೂರಿನಾಚೆ ಅತ್ತಿಗುಂಡಿ ಕಡೆಯ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೆಳ್ಳಿಯಪ್ಪ ಸಿಕ್ಕಿದ.

"ಒಂದು ನಲವತ್ತು!" ಎಂದ ಅವನು. "ಹನಿ ಅಂದ್ರೆ ಹನಿ, ಎಂಥ ಚಂದ ಬಿತ್ತು ಅಂತೀರಿ. ನಮ್ಮಷ್ಟು ಈ ಸುತ್ತಲ್ಲಿ ಯಾರಿಗೂ ಇಲ್ಲ. ಕೆಳಗಿನೋರಿಗೆ ತೊಂಬತ್ತು ಅಷ್ಟೆ."

"ಸರಿಯಾಗಿ ಅಳ್ದಿದ್ದೀಯೋ, ನೀರು ಬೆರೆಸಿದ್ದೀಯೋ?" ಸಾವ್ಕಾರರು ನಕ್ಕರು.

"ಅಳೆದದ್ದು ನಾನಲ್ಲ, ಪೂರ್ಣೇಶ. ನಮ್ಮ ಗೆಸ್ಟ್ ಬಂಗ್ಲೆ ನೋಡ್ಕೊಳ್ಳೋನು. ಮಳೆ ಮಾಪಕ ಅವನ ಅಂಗಳದಲ್ಲೇ ಇರೋದು. ಬುಕಿಂಗು, ಕಂಪ್ಯೂಟರು, ಎಲ್ಲ ಅವನದ್ದೇ ಕಾರುಬಾರು. ಪಾಪದ ಹುಡುಗ."

"ಒಬ್ನೇ ಇರೋದಾ ಅಷ್ಟು ಮೇಲೆ?"

"ಮೊದ್ಲು ಒಬ್ನೇ ಇದ್ದ. ದೀಪಾವಳಿ ಹೊತ್ತಿಗೆ ತಾಯಿನ ಕರ್ಕೊಂಡು ಬಂದ. ವಯಸ್ಸಾಗಿದೆ ಪಾಪ, ಸ್ವಲ್ಪ ಮರೆವು ಅವರಿಗೆ."

ಸಾವ್ಕಾರರ ಗಂಟಲು ಹೂವಪ್ಪನಿಗೆ ಅಲ್ಲೇ ಬಿದ್ದುಹೋಯಿತು. ತನ್ನ ಸ್ವಂತ ದನಿಯಲ್ಲಿ "ಆಯ್ತು" ಎಂದಷ್ಟೇ ಹೇಳಿ ರಿಸೀವರ್ ಇಟ್ಟ. ಬೆಂಚಿನ ಕಡೆ ತಿರುಗಲು ಅವನಿಗೆ ಧೈರ್ಯ ಬರಲಿಲ್ಲ. ರೇವತಿ ಆಗಲೇ ಎದ್ದು ನಿಂತಿದ್ದಳು.

*

ಶನಿವಾರ ಬೆಳಿಗ್ಗೆ ಏಳಕ್ಕೆ ಜೀಪು ಹೊರಟಿತು. ಇನ್‌ಸ್ಪೆಕ್ಟರ್, ಹೂವಪ್ಪ, ಅಣ್ಣಮ್ಮ, ರೇವತಿ. ಚಿಕ್ಕಮಗಳೂರು ದಾಟಿ ಬೆಟ್ಟದ ತಿರುವುಗಳು ಶುರುವಾದ ಮೇಲೆ ರೇವತಿ ಒಂದೇ ಮಾತು ಕೇಳಿದಳು. "ಬೇರೆ ಯಾರೋ ಆಗಿದ್ರೆ?"

ಅಣ್ಣಮ್ಮ ನೀರಿನ ಬಾಟಲಿ ಆಕೆಯ ಕೈಗಿಟ್ಟಳು.

ಎಸ್ಟೇಟಿನ ಗೇಟಿನಲ್ಲಿ ಬೆಳ್ಳಿಯಪ್ಪನನ್ನೂ ಒಬ್ಬ ಮೇಸ್ತ್ರಿಯನ್ನೂ ಪಂಚರಾಗಿ ಕರೆದುಕೊಂಡರು. ಗೆಸ್ಟ್ ಬಂಗಲೆಯ ಹಿಂದೆ ಎರಡು ಕೋಣೆಯ ಕ್ವಾರ್ಟರ್ಸ್. ಹಗ್ಗದ ಮೇಲೆ ಗಂಡಸಿನ ಎರಡು ಅಂಗಿ, ಪಕ್ಕದಲ್ಲಿ ನೂಲಿನ ಸೀರೆ ಒಣಗುತ್ತಿತ್ತು. ಬಿಸಿಲಲ್ಲಿ ಮಣೆ ಹಾಕಿಕೊಂಡು ಮುದುಕಿ ಕೂತಿದ್ದರು. ಮೂವತ್ತರ ಆಸುಪಾಸಿನ ತೆಳ್ಳನೆಯ ಗಂಡಸು ಹಿಂದೆ ಕೂತು ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದ. ಖಾಕಿ ಕಂಡು ಅವನ ಕೈ ನಿಂತಿತು. ಓಡಲಿಲ್ಲ. ಎದ್ದೂ ಏಳಲಿಲ್ಲ.

"ಅಮ್ಮಾ!"

ರೇವತಿ ಓಡಿ ಹೋಗಿ ತಾಯಿಯ ಮಡಿಲಿಗೆ ಬಿದ್ದಳು. ತಿಮ್ಮಮ್ಮ ಆಕೆಯ ತಲೆ ಮುಟ್ಟಿ, ಮುಖ ನೋಡಿ, ಹಿಂದಕ್ಕೆ ತಿರುಗಿದರು.

"ಯಾರು ಮಗ ಬಂದೋರು? ಗೆಸ್ಟುಗಳಾ? ಪಾಪ, ಅಳ್ತಿದ್ದಾಳೆ ನೋಡು. ಕಾಫಿ ಕೊಡು ಶಂಕರ."

ಶಂಕರ ಎಂಬವನು ರೇವತಿಯ ಅಣ್ಣ. ಇಪ್ಪತ್ತೆರಡು ವರ್ಷದ ಹಿಂದೆ ಹೇಮಾವತಿ ಹೊಳೆಯಲ್ಲಿ ಈಜಲು ಇಳಿದವನು ಮೇಲೆ ಬರಲಿಲ್ಲ.

ಮುದುಕಿಯನ್ನು ಅಣ್ಣಮ್ಮನ ಹತ್ತಿರ ಬಿಟ್ಟು ಒಳಗೆ ವಿಚಾರಣೆ ನಡೆಯಿತು.

"ಹೆಸರು?"

"ಪೂರ್ಣೇಶ."

"ಕ್ಯಾಥರಿನ್ ಮೂರ್ ಯಾರು?"

"ನಾನೇ ಸಾರ್."

"ಈಕೆ ನಿನಗೆ ಎಲ್ಲಿ ಸಿಕ್ಕರು?"

"ಚಿಕ್ಕಮಗಳೂರು ಬಸ್ ಸ್ಟ್ಯಾಂಡಲ್ಲಿ. ಬಂಗ್ಲೆಗೆ ಸಾಮಾನು ತರೋಕೆ ಹೋಗಿದ್ದೆ. ಬಂದು ನನ್ನ ಅಂಗಿ ಹಿಡ್ಕೊಂಡ್ರು. ಎಲ್ಲಿ ಹೋಗಿದ್ಯೋ ಇಷ್ಟು ದಿನ ಅಂತ ಬೈದ್ರು."

"ಠಾಣೆಗೆ ಯಾಕೆ ಕೊಡಲಿಲ್ಲ?"

"ಕೊಡೋಣ ಅಂತಲೇ ಇದ್ದೆ. ಎಸ್ಟೇಟ್ ಜೀಪು ಹಾರ್ನ್ ಹೊಡೀತಿತ್ತು. ನಾಳೆ ಕೊಟ್ರಾಯ್ತು ಅಂದ್ಕೊಂಡೆ. ನಾಳೆ ಆದ್ಮೇಲೆ ನಾಳಿದ್ದು ಅಂದ್ಕೊಂಡೆ."

"ವೆಬ್‌ಸೈಟ್ ಯಾವಾಗ ನೋಡಿದೆ?"

"ಡಿಸೆಂಬರಲ್ಲಿ. ಗೆಸ್ಟ್ ಒಬ್ರು ತೋರಿಸಿದ್ರು, ನಿಮ್ಮ ತಾಯಿ ಥರನೇ ಇದ್ದಾರಲ್ಲ ಅಂತ. ನಕ್ಕು ಅಲ್ಲ ಅಂದೆ. ಆಮೇಲೆ ನಿದ್ದೆ ಬರ್ಲಿಲ್ಲ. ಇನ್ಯಾರಾದ್ರೂ ನೋಡಿ ಫೋನ್ ಮಾಡಿದ್ರೆ ಕರ್ಕೊಂಡು ಹೋಗ್ತಾರೆ ಅಂತ."

"ಆ ಪತ್ರ ಯಾರು ಹೇಳಿಕೊಟ್ಟರು?"

"ಬಂಗ್ಲೆ ಮೇಲ್‌ಗೆ ದಿನಾ ಬರ್ತವೆ ಸಾರ್, ಹತ್ತು ಹದಿನೈದು. ಅಳಿಸೋದೇ ನನ್ನ ಕೆಲಸ. ಎಲ್ಲಾದ್ರದ್ದೂ ಒಂದೇ ದಾರಿ. ಮೊದ್ಲು ಹೊಗಳ್ತಾರೆ. ಆಮೇಲೆ ಏನೋ ಕೆಟ್ಟಿದೆ ಅಂತ ಹೆದರಿಸ್ತಾರೆ. ಆಮೇಲೆ ಸಹಾಯ ಮಾಡೋರ ಥರ ಕೊಂಡಿ ಕೇಳ್ತಾರೆ. ಹೆಸರು ಬದಲಾಯಿಸಿ ಬರೆದೆ."

ರೇವತಿ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಯಾರೂ ಗಮನಿಸಿರಲಿಲ್ಲ.

"ಕಡೂರಲ್ಲಿ ಹೆಣ ನೋಡಿ ಬಂದ ದಿನ ನಾನು ನಿಂಗೆ ಬರೆದಿದ್ದೆ," ಎಂದಳು. "ಮುಖ ಅರ್ಧ ಇರ್ಲಿಲ್ಲ ಅದಕ್ಕೆ. ಮಚ್ಚೆ ಇದೆಯಾ ಅಂತ ಕೆನ್ನೆ ಉಜ್ಜಿ ನೋಡಿದೆ, ಅದನ್ನೂ ಬರೆದಿದ್ದೆ. ಓದಿದ್ಯಾ?"

"ಓದಿದೆ."

"ಆವಾಗ ಅಮ್ಮ ಎಲ್ಲಿದ್ರು?"

ಪೂರ್ಣೇಶ ನೆಲ ನೋಡಿದ. "ಇಲ್ಲೇ. ಒಲೆ ಮುಂದೆ."

"ನೀನು ಎಂತ ಬರೆದೆ ನಂಗೆ?"

"ಧೈರ್ಯವಾಗಿರಿ ಅಂತ."

ಆಕೆ ಅವನ ಕೆನ್ನೆಗೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಬಸವರಾಜಪ್ಪ ತಡೆಯುವ ಮೊದಲೇ ಹೊರಗಿನಿಂದ ತಿಮ್ಮಮ್ಮ ಕೂಗಿದರು: "ಯಾರೇ ಅದು ನನ್ನ ಮಗನಿಗೆ ಹೊಡೆಯೋದು?"

ರೇವತಿಯ ಕೈ ಗಾಳಿಯಲ್ಲೇ ನಿಂತಿತು.

ಕಂಪ್ಯೂಟರನ್ನು ವಶಪಡಿಸಿಕೊಂಡು, ಪಂಚನಾಮೆ ಬರೆದು, ಬೆಳಿಗ್ಗೆ 11-20ಕ್ಕೆ ದಸ್ತಗಿರಿ ತೋರಿಸಲಾಯಿತು. ಮುದುಕಿಯ ಮೈಮೇಲೆ ಗಾಯ, ಬಂಧನದ ಗುರುತು ಇಲ್ಲ ಎಂದು ನಮೂದಿಸಿದರು. ಬೀಗ ಹಾಕಿಡುತ್ತಿದ್ದನೇ ಎಂದು ಕೇಳಿದ್ದಕ್ಕೆ ಬೆಳ್ಳಿಯಪ್ಪ, "ಬೀಗನಾ? ತೋಟಕ್ಕೆಲ್ಲ ಕೈ ಹಿಡ್ಕೊಂಡು ಸುತ್ತಿಸ್ತಿದ್ದ ಸಾರ್" ಎಂದು ಅತ್ತುಬಿಟ್ಟ.

ಜೀಪಿನಲ್ಲಿ ಆರೋಪಿಯನ್ನು ಬೇರೆ ಕೂರಿಸಬೇಕು. ಆಗಲಿಲ್ಲ. ತಿಮ್ಮಮ್ಮ ಅವನ ತೋಳು ಬಿಡಲಿಲ್ಲ. ಇಳಿಜಾರಿನುದ್ದಕ್ಕೂ ಅವರು ಮಗನ ಪಕ್ಕ ಕೂತು ಎದುರಿನ ಹೆಂಗಸನ್ನು ಕನಿಕರದಿಂದ ನೋಡುತ್ತಿದ್ದರು. ಮೂಡಿಗೆರೆ ಠಾಣೆಯ ಗೇಟಿನಲ್ಲಿ ಬೆರಳುಗಳನ್ನು ಬಿಡಿಸಲು ಅಣ್ಣಮ್ಮ ನೋಡಿದಳು, ಹೂವಪ್ಪ ನೋಡಿದ. ಮುದುಕಿ ಚೀರತೊಡಗಿದರು. ಕೊನೆಗೆ ಪೂರ್ಣೇಶನೇ ಅವರ ಕಿವಿಯ ಹತ್ತಿರ ಬಾಗಿದ.

"ಅಮ್ಮ, ಇವಳು ರೇವತಿ. ನನ್ನ ತಂಗಿ. ನನಗೆ ಸಾಹೇಬ್ರ ಹತ್ರ ಸ್ವಲ್ಪ ಕೆಲಸ ಉಂಟು. ನೀವು ಇವಳ ಜೊತೆ ಮನೆಗೆ ಹೋಗಿರಿ."

"ಬೇಗ ಬರ್ತೀಯಾ?"

"ಬರ್ತೀನಿ."

ಬೆರಳು ಸಡಿಲವಾಯಿತು.

*

ಸಂಜೆ ಸ್ವಇಚ್ಛಾ ಹೇಳಿಕೆ ಬರೆದುಕೊಳ್ಳುವಾಗ ಉದ್ದೇಶವೇನೆಂಬ ಕಾಲಮಿಗೆ ಬಂದು ಬಸವರಾಜಪ್ಪ ನಿಂತರು. ಪೂರ್ಣೇಶ ಎಸ್ಟೇಟಿನ ಕೂಲಿಗಳ ಲೈನಿನಲ್ಲಿ ಹುಟ್ಟಿದವನು. ಹೆತ್ತವಳು ಹೆರಿಗೆಯಲ್ಲೇ ಹೋಗಿದ್ದಳು; ಲೈನಿನ ಹತ್ತು ಮನೆಗಳು ಸರದಿಯ ಮೇಲೆ ಸಾಕಿದ್ದವು.

"ಯಾರೂ ಅನ್ನ ಹಾಕಿಲ್ಲ ಅಂತಲ್ಲ ಸಾರ್," ಎಂದ. "ಎಲ್ರೂ ಹಾಕಿದ್ರು. ನನಗೋಸ್ಕರ ಕಾದಿದ್ದೋರು ಯಾರೂ ಇರ್ಲಿಲ್ಲ. ಇವರು ಕಾಯ್ತಿದ್ರು. ಅವರು ಕಾಯ್ತಿದ್ದದ್ದು ಬೇರೆಯೋರನ್ನ ಅಂತ ನಂಗೂ ಗೊತ್ತಿತ್ತು."

ಇನ್‌ಸ್ಪೆಕ್ಟರ್ ಬರೆದುಕೊಂಡರು. ಕಲಂ 419ರ ಜೊತೆಗೆ ಇನ್ನೇನು ಸೇರಿಸಬೇಕೆಂದು ಸೋಮವಾರ ಸರ್ಕಾರಿ ವಕೀಲರನ್ನು ಕೇಳಬೇಕೆಂದು ಅಂಚಿನಲ್ಲಿ ಗುರುತು ಹಾಕಿದರು. ಅಷ್ಟರಲ್ಲಿ ಫೋನು ರಿಂಗಾಯಿತು. ಹೂವಪ್ಪ ಎತ್ತಿಕೊಂಡ. ಬಣಕಲ್‌ನಿಂದ ರೇವತಿ.

"ಅಮ್ಮ ಊಟ ಮಾಡ್ತಿಲ್ಲ ಹೂವಪ್ಪಣ್ಣ. ಬಾಯಿಗಿಟ್ರೆ ಉಗೀತಾರೆ. ಬೆಳಿಗ್ಗೆಯಿಂದ ಏನೂ ಹೋಗಿಲ್ಲ. ಅವನು ಹೆಂಗೆ ಉಣ್ಣಿಸ್ತಿದ್ದ ಅಂತ ಸ್ವಲ್ಪ ಕೇಳ್ತೀರಾ?"

ಹೂವಪ್ಪ ರಿಸೀವರನ್ನು ಎದೆಗೆ ಒತ್ತಿಕೊಂಡು ಕೇಳಿದ. ಪೂರ್ಣೇಶ ಎದ್ದು ನಿಂತ.

"ಎರಡು ತಟ್ಟೆ ಹಾಕಬೇಕು. ಮಗ ಉಣ್ಣದೆ ಅವರು ಉಣ್ಣಲ್ಲ. ಪಕ್ಕದ ತಟ್ಟೆಯಿಂದ ಒಂದು ತುತ್ತು ಅವರ ಎದುರಿಗೇ ತಿನ್ನಬೇಕು. ಆಮೇಲೆ ಅವರೇ ಉಣ್ತಾರೆ."

ಹೂವಪ್ಪ ಅದನ್ನು ಇದ್ದ ಹಾಗೆಯೇ ಹೇಳಿದ, ಯಾರ ಧ್ವನಿಯನ್ನೂ ಮಾಡದೆ. ರೇವತಿ ಫೋನ್ ಇಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಣಕಲ್‌ನ ಆ ಮನೆಯಲ್ಲಿ ಇನ್ನೊಂದು ತಟ್ಟೆ ತೆಗೆದು ನೆಲಕ್ಕಿಟ್ಟ ಸದ್ದು ಅವನಿಗೆ ಕೇಳಿಸಿತು.